ಪ್ರಯೋಗಶಾಲೆಯಿಂದ ಒಲೆಯ ಬುಡಕ್ಕೆ



ಕಳೆದ ವರ್ಷ ಶ್ರಾವಣ ಮಾಸದಲ್ಲಿ ಒಂಬತ್ತನೆಯ ತರಗತಿಯವರಿಗೆ ನಾವು 'ನಮ್ಮ ಮನೆಯ ಒಲೆ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದ್ದೆವು. ಹುಡುಗರಲ್ಲಿ ಬಹುಮಂದಿ ಅರ್ಧ ಪುಟದಲ್ಲಿ ಮುಗಿಸಿದ್ದರು. ಒಲೆ ಮಣ್ಣಿನದು, ಅದರ ಮೇಲೆ ಅವ್ವ ಮುದ್ದೆ ಮಾಡುತ್ತಾಳೆ, ಗ್ಯಾಸಿನ ಒಲೆಯೂ ಒಂದುಂಟು, ಸಿಲಿಂಡರು ತೀರಿದಾಗ ಮತ್ತೆ ಕಟ್ಟಿಗೆಯೇ ಗತಿ. ಇಷ್ಟೇ. ಹುಡುಗಿಯರ ಪುಸ್ತಕಗಳು ಬೇರೆಯೇ ಮಾತು ಹೇಳುತ್ತಿದ್ದವು. ಯಾವ ಹಳ್ಳದ ದಂಡೆಯಲ್ಲಿ ಬಳ್ಳಾರಿ ಜಾಲಿ ಸಿಗುತ್ತದೆ, ಮುಳ್ಳು ಚುಚ್ಚದಂತೆ ಹೊರೆ ಕಟ್ಟುವುದು ಹೇಗೆ, ಹಸಿ ಕಟ್ಟಿಗೆ ಎಷ್ಟು ಹೊಗೆ ಕಾರುತ್ತದೆ, ಒಂದು ಹೊರೆ ಎಷ್ಟು ದಿನಕ್ಕೆ ಬರುತ್ತದೆ, ಎಲ್ಲವೂ ಅಲ್ಲಿತ್ತು. ಒಬ್ಬ ಹುಡುಗಿ ಮಾತ್ರ ಐದೇ ಸಾಲು ಬರೆದು ಕೊನೆಗೆ, "ಇಷ್ಟೇ ಆಯಿತು ಸಾರ್, ಕಟ್ಟಿಗೆಗೆ ಹೋಗಬೇಕು" ಎಂದು ಮುಗಿಸಿದ್ದಳು. ಆ ಐದು ಸಾಲಿಗೆ ಎಷ್ಟು ಅಂಕ ಕೊಡಬೇಕೆಂದು ನಮಗೆ ತಿಳಿಯದೆ ಹೋಯಿತು.

ವಿಜ್ಞಾನಿ ಎಂದೊಡನೆ ಗಾಜಿನ ನಳಿಗೆಗಳ ನಡುವೆ ಬಿಳಿಯ ಕೋಟು ತೊಟ್ಟು ನಿಂತ ವ್ಯಕ್ತಿಯೊಬ್ಬರು ನಮ್ಮ ಕಣ್ಣ ಮುಂದೆ ಬರುತ್ತಾರೆ. ಆ ಹುಡುಗಿಯ ಕಟ್ಟಿಗೆ ಹೊರೆಗೂ ಅವರಿಗೂ ಏನು ಸಂಬಂಧ? ಸಂಬಂಧ ಉಂಟು ಎಂದು ನಂಬಿ, ಅದಕ್ಕಾಗಿ ತಮ್ಮ ಬಾಳಿನ ದಾರಿಯನ್ನೇ ಬದಲಿಸಿಕೊಂಡ ರಸಾಯನ ವಿಜ್ಞಾನಿಯೊಬ್ಬರು ನಮ್ಮ ನೆರೆಯ ಬೆಂಗಳೂರಿನಲ್ಲಿ ಇದ್ದರು. ಅವರೇ ಡಾ. ಅಮೂಲ್ಯ ಕುಮಾರ ನಾರಾಯಣ ರೆಡ್ಡಿ. ನಾವು ಕನ್ನಡ ಪಾಠ ಹೇಳುವವರು. ರಸಾಯನಶಾಸ್ತ್ರದ ಮಾತು ಬಂದಲ್ಲಿ ನಮ್ಮ ಶಾಲೆಯ ವಿಜ್ಞಾನದ ಅಧ್ಯಾಪಕರನ್ನು ಕೇಳಿ ತಿಳಿದುಕೊಂಡೇ ಬರೆದಿದ್ದೇವೆ.

ಕ್ರಿಯಾವರ್ಧಕ ಎಂದರೇನು?

ರೆಡ್ಡಿಯವರ ಕೆಲಸವನ್ನು ಅರಿಯಲು ಮೊದಲು ಒಂದು ಪದವನ್ನು ಅರಿಯಬೇಕು. ನಿಮ್ಮ ವಿಜ್ಞಾನದ ಕೊಠಡಿಯಲ್ಲಿ ಪೊಟ್ಯಾಸಿಯಂ ಕ್ಲೋರೇಟನ್ನು ಕಾಸಿ ಆಮ್ಲಜನಕ ತಯಾರಿಸುವುದನ್ನು ನೋಡಿದ್ದೀರಿ. ಬರೀ ಕ್ಲೋರೇಟನ್ನು ಕಾಸಿದರೆ ಬಹಳ ಶಾಖ ಬೇಕು. ಅದಕ್ಕೆ ಚಿಟಿಕೆಯಷ್ಟು ಮ್ಯಾಂಗನೀಸ್ ಡೈಆಕ್ಸೈಡಿನ ಕರಿ ಪುಡಿ ಬೆರೆಸಿದರೆ ಕಡಿಮೆ ಶಾಖದಲ್ಲಿಯೇ ಆಮ್ಲಜನಕ ಸರಾಗವಾಗಿ ಹೊರಡುತ್ತದೆ. ಕೆಲಸ ಮುಗಿದ ಮೇಲೆ ತೂಗಿ ನೋಡಿದರೆ ಕರಿ ಪುಡಿ ಹಾಕಿದಷ್ಟೇ ಇರುತ್ತದೆ. ತಾನು ಖರ್ಚಾಗದೆ, ಬೇರೆ ವಸ್ತುಗಳ ನಡುವಿನ ಕ್ರಿಯೆಗೆ ಸುಲಭವಾದ ದಾರಿ ತೋರಿಸುವ ಇಂಥ ವಸ್ತುವೇ ಕ್ರಿಯಾವರ್ಧಕ. ಈ ಗುಣಕ್ಕೆ 1835ರಲ್ಲಿ ಹೆಸರಿಟ್ಟವರು ಸ್ವೀಡನ್ ದೇಶದ ಬರ್ಜೀಲಿಯಸ್.

ನಮ್ಮ ಊರುಗಳಲ್ಲಿ ಎರಡು ಮನೆಗಳ ನಡುವೆ ಓಡಾಡಿ ಮದುವೆ ಕುದುರಿಸುವ ಹಿರಿಯರಿರುತ್ತಾರಲ್ಲ, ಹಾಗೆಂದು ತಿಳಿಯಿರಿ. ಅವರಿಲ್ಲದಿದ್ದರೂ ಸಂಬಂಧ ಕೂಡೀತು, ಆದರೆ ವರ್ಷಗಳು ಹಿಡಿದಾವು. ಅವರು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಊಟ ಮುಗಿಸಿ ಮುಂದಿನ ಮನೆಗೆ ನಡೆಯುತ್ತಾರೆ. ಆದರೆ ಒಂದು ಎಚ್ಚರ: ಆಗಲಾರದ ಸಂಬಂಧವನ್ನು ಅವರೂ ಕೂಡಿಸಲಾರರು. ಕ್ರಿಯಾವರ್ಧಕವೂ ಹಾಗೆಯೇ. ಆಗಬಲ್ಲ ಕ್ರಿಯೆಯನ್ನು ಬೇಗ ಆಗಿಸೀತೇ ಹೊರತು, ಇಲ್ಲದ ಶಕ್ತಿಯನ್ನು ಹುಟ್ಟಿಸಲಾರದು.

ಶೇಂಗಾ ಬೆಳೆಯುವ ನಾಡಿನವರಾದ ನಮಗೆ ಇನ್ನೊಂದು ಉದಾಹರಣೆ ಹತ್ತಿರದ್ದು. ಶೇಂಗಾ ಎಣ್ಣೆಯಂಥ ತೆಳು ಎಣ್ಣೆಗೆ ಜಲಜನಕವನ್ನು ಕೂಡಿಸಿದರೆ ಅದು ಗಟ್ಟಿಯಾಗಿ ವನಸ್ಪತಿಯಾಗುತ್ತದೆ. ಬರಿಯ ಎಣ್ಣೆಯೊಳಗೆ ಜಲಜನಕ ಊದಿದರೆ ಇದಾಗದು. ನುಣ್ಣನೆಯ ನಿಕ್ಕಲ್ ಪುಡಿ ನಡುವೆ ಇರಬೇಕು. ಈ ನಿಕ್ಕಲ್ ಎಂಬ ಲೋಹವನ್ನು ನೆನಪಿನಲ್ಲಿಡಿ. ನಮ್ಮ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಬೆಂಗಳೂರಿನಿಂದ ಲಂಡನ್ನಿಗೆ

ರೆಡ್ಡಿಯವರು ಹುಟ್ಟಿದ್ದು 1930ರಲ್ಲಿ, ಬೆಂಗಳೂರಿನಲ್ಲಿ. ಅಲ್ಲಿನ ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದರು. ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋಗಿ 1958ರಲ್ಲಿ ಡಾಕ್ಟರೇಟ್ ಪಡೆದರು. ಮರಳಿ ಬಂದು ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರ ವಿದ್ಯುತ್ ರಸಾಯನ ಸಂಶೋಧನಾಲಯದಲ್ಲಿ ಕೆಲವು ವರ್ಷ ದುಡಿದರು. 1961ರಿಂದ 1966ರವರೆಗೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದರು. 1966ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. 'ಟಾಟಾ ಇನ್‌ಸ್ಟಿಟ್ಯೂಟ್' ಎಂದು ಹಳಬರು ಕರೆಯುವುದು ಇದನ್ನೇ.

ಅವರ ವಿಷಯ ವಿದ್ಯುತ್ ರಸಾಯನ. ಲೋಹದ ಸರಳೊಂದನ್ನು ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ಲೋಹವೂ ದ್ರಾವಣವೂ ಮುಟ್ಟುವ ಆ ಗಡಿಯಲ್ಲಿ ಏನು ನಡೆಯುತ್ತದೆ ಎಂಬುದೇ ಅದರ ಮುಖ್ಯ ಪ್ರಶ್ನೆ. ನೀರಿನಲ್ಲಿ ವಿದ್ಯುತ್ ಹರಿಸಿದರೆ ಜಲಜನಕ, ಆಮ್ಲಜನಕ ಬೇರೆಯಾಗುವುದನ್ನು ನೀವು ಓದಿದ್ದೀರಿ. ಆದರೆ ಎಲ್ಲ ಲೋಹಗಳ ಮೇಲೆಯೂ ಇದು ಒಂದೇ ಸಮನಾಗಿ ಆಗುವುದಿಲ್ಲ. ಪ್ಲಾಟಿನಂ ಮೇಲೆ ಜಲಜನಕ ಸುಲಭವಾಗಿ ಗುಳ್ಳೆಯೊಡೆಯುತ್ತದೆ. ಸೀಸದ ಮೇಲೆ ಅದೇ ಕೆಲಸಕ್ಕೆ ಹೆಚ್ಚು ವೋಲ್ಟೇಜು ಕೊಡಬೇಕು. ಅಂದರೆ ಇಲ್ಲಿ ಲೋಹದ ಮೈಯೇ ಕ್ರಿಯಾವರ್ಧಕ. ಒಳ್ಳೆಯ ಮೈ ಸಿಕ್ಕರೆ ವಿದ್ಯುತ್ತು ಉಳಿಯುತ್ತದೆ, ಕೆಟ್ಟದ್ದಾದರೆ ಶಾಖವಾಗಿ ವ್ಯರ್ಥವಾಗುತ್ತದೆ.

ನಿಕ್ಕಲನ್ನು ಆಮ್ಲದಲ್ಲಿಟ್ಟು ವೋಲ್ಟೇಜನ್ನು ಏರಿಸುತ್ತ ಹೋದರೆ ಲೋಹ ಹೆಚ್ಚು ಹೆಚ್ಚಾಗಿ ಕರಗುತ್ತದೆ. ಆದರೆ ಒಂದು ಹಂತ ದಾಟಿದೊಡನೆ ಕರಗುವುದು ನಿಂತಂತಾಗುತ್ತದೆ. ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರವೊಂದು ಕಟ್ಟಿಕೊಂಡು ಅದನ್ನು ಕಾಯುತ್ತದೆ. ಮುಟ್ಟಿದರೆ ಕೆಡುವ ಆ ಪದರವನ್ನು ಅಳೆಯುವುದು ಹೇಗೆ? ರೆಡ್ಡಿಯವರೂ ಅವರ ಜೊತೆಗಾರರೂ ಅದರ ಮೇಲೆ ಬೆಳಕು ಬಿಟ್ಟು, ಪ್ರತಿಫಲಿಸಿದ ಬೆಳಕಿನಲ್ಲಾದ ಬದಲಾವಣೆಯಿಂದಲೇ ಪದರದ ದಪ್ಪವನ್ನು ಕಂಡುಹಿಡಿದರು. ತಮ್ಮ ಹಿರಿಯ ಸಹೋದ್ಯೋಗಿ ಪ್ರೊಫೆಸರ್ ಬೋಕ್ರಿಸ್ ಅವರೊಡನೆ 1970ರಲ್ಲಿ 'ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ' ಎಂಬ ಎರಡು ಸಂಪುಟಗಳ ಗ್ರಂಥವನ್ನು ಹೊರತಂದರು. ಲೋಕದ ನಾನಾ ದೇಶಗಳ ವಿದ್ಯಾರ್ಥಿಗಳು ಅದನ್ನು ಪಠ್ಯವಾಗಿ ಓದಿದರು. ನಲವತ್ತು ತುಂಬುವ ಹೊತ್ತಿಗೆ ವಿಜ್ಞಾನಿಯೊಬ್ಬರು ಬಯಸುವ ಹೆಸರೆಲ್ಲವೂ ಅವರಿಗೆ ಬಂದಿತ್ತು.

ದಾರಿ ಬದಲಾಯಿತು

ಆ ಮೇಲೆ ನಡೆದದ್ದೇ ನಾವು ಹೇಳಬೇಕೆಂದಿರುವ ಮಾತು. 1970ರ ದಶಕದ ಆರಂಭದಲ್ಲಿ ಅವರನ್ನು ಒಂದು ಪ್ರಶ್ನೆ ಕಾಡತೊಡಗಿತು. ನಮ್ಮ ದೇಶದ ಬಹುಪಾಲು ಜನ ಹಳ್ಳಿಗಳಲ್ಲಿದ್ದಾರೆ. ನಮ್ಮ ದೊಡ್ಡ ಸಂಶೋಧನಾಲಯಗಳ ವಿಜ್ಞಾನ ಅವರಲ್ಲಿ ಎಷ್ಟು ಜನರ ಬದುಕನ್ನು ಮುಟ್ಟುತ್ತದೆ? ಪರದೇಶಗಳಿಗಾಗಿ ಹುಟ್ಟಿದ ಯಂತ್ರಗಳನ್ನು ಹಾಗೆಯೇ ತಂದು ನಿಲ್ಲಿಸಿದರೆ ಅವು ನಮ್ಮ ಬಡವರ ಕೆಲಸಕ್ಕೆ ಬರುತ್ತವೆಯೇ? 1973ರಲ್ಲಿ ಪೆಟ್ರೋಲಿಯಂ ಬೆಲೆ ಒಮ್ಮೆಲೇ ಏರಿದಾಗ ಶಕ್ತಿಯ ಪ್ರಶ್ನೆ ಇಡೀ ಲೋಕಕ್ಕೇ ಎದುರಾಯಿತು. 1974ರಲ್ಲಿ ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ ಸೇರಿ ವಿಜ್ಞಾನ ಮಂದಿರದಲ್ಲಿಯೇ, ಗ್ರಾಮಾಂತರ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವ ವಿಭಾಗವೊಂದನ್ನು ಆರಂಭಿಸಿದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಅಸ್ತ್ರ' ಎಂದಾಗುತ್ತಿತ್ತು. ಕನ್ನಡ ಬಲ್ಲವರಿಗೆ ಆ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಯೋಗಗಳು ಹಳ್ಳಿಯಲ್ಲಿಯೇ ನಡೆಯಬೇಕೆಂದು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ಕೇಂದ್ರವನ್ನು ತೆರೆದರು. ಅದರ ಸಮೀಪದ ಪುರ ಎಂಬ ಸಣ್ಣ ಹಳ್ಳಿ ಮುಂದೆ ಲೋಕದ ಶಕ್ತಿ ತಜ್ಞರೆಲ್ಲರ ಬಾಯಲ್ಲಿ ಬಂದಿತು.

ಮೊದಲು ಅವರು ಮಾಡಿದ್ದು ಲೆಕ್ಕ. ಊರಿಗೆ ಒಂದು ವರ್ಷಕ್ಕೆ ಬೇಕಾಗುವ ಶಕ್ತಿಯೆಷ್ಟು, ಅದು ಎಲ್ಲಿಂದ ಬರುತ್ತದೆ ಎಂದು ಮನೆ ಮನೆಗೆ ಹೋಗಿ ಅಳೆದರು. ಸೀಮೆಎಣ್ಣೆ, ವಿದ್ಯುತ್ತುಗಳನ್ನಷ್ಟೇ ಅಲ್ಲ, ಎತ್ತಿನ ದುಡಿಮೆ, ಗಂಡಸಿನ ದುಡಿಮೆ, ಹೆಂಗಸಿನ ದುಡಿಮೆ, ಮಕ್ಕಳ ದುಡಿಮೆಗಳನ್ನೂ ಶಕ್ತಿಯೆಂದೇ ಲೆಕ್ಕ ಹಿಡಿದರು. ಪುರದಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯ ಹತ್ತು ಪಾಲಿನಲ್ಲಿ ಸುಮಾರು ಒಂಬತ್ತು ಪಾಲು ಬರುತ್ತಿದ್ದುದು ಕಟ್ಟಿಗೆಯಿಂದ! ಅದರಲ್ಲಿಯೂ ಬಹುಪಾಲು ಹೋಗುತ್ತಿದ್ದುದು ಅಡಿಗೆಗೆ ಮತ್ತು ನೀರು ಕಾಸುವುದಕ್ಕೆ. ಆ ಕಟ್ಟಿಗೆಯನ್ನು ಹೆಂಗಸರೂ ಮಕ್ಕಳೂ ಗಂಟೆಗಟ್ಟಲೆ ನಡೆದು ತರುತ್ತಿದ್ದರು. ದೇಶದ ಶಕ್ತಿ ಸಮಸ್ಯೆ ಎಂದರೆ ಕಲ್ಲಿದ್ದಲು, ಪೆಟ್ರೋಲು, ವಿದ್ಯುತ್ತು ಎಂದು ಎಲ್ಲರೂ ಮಾತಾಡುತ್ತಿದ್ದ ಕಾಲದಲ್ಲಿ ಈ ಲೆಕ್ಕ ಕಣ್ಣು ತೆರೆಸಿತು.

ಕಾಡು ಹಾಳಾಗುವುದು ಹಳ್ಳಿಯ ಹೆಂಗಸರಿಂದ ಎಂಬ ಮಾತಿಗೂ ಅವರು ಉತ್ತರ ಕೊಟ್ಟರು. ಹಳ್ಳಿಯವರು ಆರಿಸುವುದು ಹೆಚ್ಚಾಗಿ ಒಣ ಕಡ್ಡಿ, ಪುಳ್ಳೆ, ಸಣ್ಣ ಕೊಂಬೆ. ಮರದ ದಿಮ್ಮಿಗಳು ಲಾರಿಗಳಲ್ಲಿ ಹೋಗುತ್ತಿದ್ದುದು ಬೆಂಗಳೂರಿನಂಥ ಪಟ್ಟಣಗಳಿಗೆ. ಇದನ್ನೂ ಅವರು ಅಳೆದೇ ತೋರಿಸಿದರು.

ಒಲೆಯೂ ಸಗಣಿಯೂ

ಮೂರು ಕಲ್ಲಿನ ಒಲೆಯಲ್ಲಿ ಸುಟ್ಟ ಕಟ್ಟಿಗೆಯ ಶಾಖದಲ್ಲಿ ಪಾತ್ರೆಗೆ ಸೇರುವುದು ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಉಳಿದದ್ದು ಗಾಳಿಗೆ. ಅಸ್ತ್ರ ತಂಡದವರು ರೂಪಿಸಿದ 'ಅಸ್ತ್ರ ಒಲೆ'ಯಲ್ಲಿ ಬೆಂಕಿ ಮುಚ್ಚಿದ ಗೂಡಿನಲ್ಲಿರುತ್ತದೆ. ಕೆಳಗಿನ ಜಾಲರಿಯಿಂದ ಬೇಕಾದಷ್ಟೇ ಗಾಳಿ ಬರುತ್ತದೆ. ಬಿಸಿ ಗಾಳಿ ಮೊದಲ ಪಾತ್ರೆಯನ್ನು ಕಾಸಿ, ಎರಡನೆಯದರ ಅಡಿ ಹಾಯ್ದು, ಮೂರನೆಯದನ್ನೂ ಮುಟ್ಟಿ, ಕೊನೆಗೆ ಹೊಗೆ ಕೊಳವೆಯಿಂದ ಮಾಡಿನ ಹೊರಗೆ ಹೋಗುತ್ತದೆ. ಕಟ್ಟಿಗೆಯೂ ಉಳಿಯಿತು, ಕಣ್ಣೂ ಉಳಿಯಿತು. 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಈ ಒಲೆ ಹರಡಿತು. ಆದರೆ ಕಟ್ಟಿಗೆಯನ್ನು ಚಿಕ್ಕದಾಗಿ ಸೀಳಿ ಹಾಕಬೇಕು, ಪಾತ್ರೆ ಕಂಡಿಗೆ ಸರಿಯಾಗಿ ಕೂರಬೇಕು, ಕೊಳವೆಯ ಮಸಿಯನ್ನು ಆಗಾಗ ತೆಗೆಯಬೇಕು. ಇದನ್ನು ಕಲಿಸದೆ ಬರೀ ಒಲೆ ಕಟ್ಟಿಕೊಟ್ಟರೆ ಪ್ರಯೋಜನವಿಲ್ಲ.

ಎರಡನೆಯದು ಗೋಬರ್ ಅನಿಲ. ಗಾಳಿಯಾಡದ ಗುಂಡಿಯಲ್ಲಿ ಸಗಣಿಯನ್ನು ನೀರಿನೊಡನೆ ಕಲಸಿ ಬಿಟ್ಟರೆ ಸೂಕ್ಷ್ಮ ಜೀವಿಗಳು ಅದನ್ನು ಹಂತ ಹಂತವಾಗಿ ಒಡೆದು ಅನಿಲ ಮಾಡುತ್ತವೆ. ಅದರಲ್ಲಿ ಸುಮಾರು 60 ಪಾಲು ಉರಿಯುವ ಮೀಥೇನ್, ಉಳಿದದ್ದು ಬಹುಮಟ್ಟಿಗೆ ಇಂಗಾಲದ ಡೈಆಕ್ಸೈಡ್. ಆ ಜೀವಿಗಳೊಳಗಿನ ಕಿಣ್ವಗಳೆಂದರೆ ಪ್ರಕೃತಿಯೇ ಮಾಡಿಟ್ಟ ಕ್ರಿಯಾವರ್ಧಕಗಳು. ಹೀಗಾಗಿ ರೆಡ್ಡಿಯವರು ಪ್ಲಾಟಿನಂ ಬಿಟ್ಟು ಸಗಣಿಗೆ ಬಂದಾಗಲೂ ರಸಾಯನಶಾಸ್ತ್ರವನ್ನು ಬಿಟ್ಟಿರಲಿಲ್ಲ! ಸಗಣಿಯಲ್ಲಿರುವ ಸಾರಜನಕವೂ ಹಾಳಾಗುವುದಿಲ್ಲ, ಬಗ್ಗಡದಲ್ಲಿ ಉಳಿದು ಹೊಲಕ್ಕೆ ಗೊಬ್ಬರವಾಗುತ್ತದೆ. ಕುಳ್ಳು ತಟ್ಟಿ ಸುಟ್ಟರೆ ಗೊಬ್ಬರವೂ ಹೋಯಿತು, ಹೊಗೆಯೂ ಬಂತು. ರಾಜಾಬಾಪಯ್ಯ ಮೊದಲಾದ ಸಹೋದ್ಯೋಗಿಗಳೊಡನೆ ರೆಡ್ಡಿಯವರು ಆಗ ಬಳಕೆಯಲ್ಲಿದ್ದ ಅನಿಲ ಸ್ಥಾವರದ ಆಳವನ್ನು ತಗ್ಗಿಸಿ ಅದರ ಖರ್ಚನ್ನು ಇಳಿಸಿದರು.

ಪುರದ ಸೋಲು, ಪುರದ ಗೆಲುವು

ಪುರದಲ್ಲಿ ಇಡೀ ಊರಿಗೆ ಸೇರಿದ ಅನಿಲ ಸ್ಥಾವರ ಕಟ್ಟಿ ಎಲ್ಲ ಮನೆಗಳಿಗೂ ಅಡಿಗೆ ಅನಿಲ ಕೊಡಬೇಕೆಂಬುದು ಮೊದಲ ಯೋಜನೆ. ಅದು ಸೋತಿತು. ಅಡಿಗೆಗೆ ಬಹಳ ಅನಿಲ ಬೇಕು. ಅಷ್ಟಕ್ಕೆ ಬೇಕಾದ ಸಗಣಿ ಊರಿನಲ್ಲಿ ಸಿಗಲಿಲ್ಲ. ಹಗಲೆಲ್ಲ ದನ ಹೊರಗೆ ಮೇಯುತ್ತವೆ. ಕೊಟ್ಟಿಗೆಯಲ್ಲಿ ಸಿಕ್ಕುವುದು ರಾತ್ರಿಯ ಸಗಣಿ ಮಾತ್ರ. ಅನಿಲ ಒಂದು ಹೊತ್ತು ಬಂದು ಇನ್ನೊಂದು ಹೊತ್ತು ನಿಂತರೆ ಯಾವ ತಾಯಿ ತಾನೆ ಅದನ್ನು ನಂಬಿ ಒಲೆ ಕೆಡವಿಯಾಳು?

ಇಲ್ಲಿಯೇ ನಮಗೆ ರೆಡ್ಡಿಯವರ ದೊಡ್ಡತನ ಕಾಣುವುದು. ಹಳ್ಳಿಯವರಿಗೆ ತಿಳುವಳಿಕೆ ಇಲ್ಲ ಎಂದು ಬೈದು ಹೊರಟುಹೋಗಲಿಲ್ಲ. ಊರಿಗೆ ಮೊದಲು ಬೇಕಾದದ್ದು ಏನು ಎಂದು ಊರವರ ಮಾತು ಕೇಳಿದರು. ಬೇಕಾಗಿದ್ದುದು ಕುಡಿಯುವ ನೀರು. ಸಿಕ್ಕುವಷ್ಟು ಸಗಣಿಯ ಅನಿಲ ಅಡಿಗೆಗೆ ಸಾಲದಿದ್ದರೂ ಕೊಳವೆ ಬಾವಿಯಿಂದ ನೀರೆತ್ತಲು, ಮನೆಗಳಿಗೆ ದೀಪ ಹಚ್ಚಲು ಸಾಕಾಗುತ್ತಿತ್ತು. 1987ರಲ್ಲಿ ಸಣ್ಣ ಡೀಸೆಲ್ ಎಂಜಿನ್ನೊಂದಕ್ಕೆ ಈ ಅನಿಲವನ್ನು ಕೊಟ್ಟು ವಿದ್ಯುತ್ತು ಮಾಡತೊಡಗಿದರು. ಎಂಜಿನ್ನಿನ ಒತ್ತಡಕ್ಕೆ ಮೀಥೇನ್ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಆದ್ದರಿಂದ ಹೊತ್ತಿಸುವಷ್ಟು ಮಾತ್ರ ಡೀಸೆಲ್ ಬೇಕು. ಬೀದಿಯ ನಲ್ಲಿಗೆ ನೀರು ಬಂತು, ಮನೆಗೆ ಟ್ಯೂಬ್‌ಲೈಟು ಬಂತು. ಸಗಣಿ ತಂದವರಿಗೆ ಕಿಲೋಗ್ರಾಂಗೆ 2 ಪೈಸೆಯ ಲೆಕ್ಕದಲ್ಲಿ ಹಣವೂ, ಅವರ ಪಾಲಿನ ಬಗ್ಗಡ ಗೊಬ್ಬರವೂ ಸಲ್ಲುತ್ತಿದ್ದವು. ಯಂತ್ರ ನಡೆಸಿದವರು ಊರಿನ ಹುಡುಗರೇ.

ಆ ಯಂತ್ರ ವರ್ಷಗಟ್ಟಲೆ ನಡೆದು ಮುಂದೆ ನಿಂತಿತು. ಪುರದಿಂದ ಕಲಿತ ಪಾಠಗಳನ್ನು ರೆಡ್ಡಿಯವರು 2004ರಲ್ಲಿ ಒಂದು ಲೇಖನವಾಗಿಯೇ ಬರೆದರು. ಗೆದ್ದದ್ದನ್ನು ಬರೆಯುವವರು ಬಹಳ. ಸೋತದ್ದನ್ನೂ ಲೆಕ್ಕಕ್ಕೆ ಹಿಡಿದು, ಕಾರಣ ಹುಡುಕಿ, ಮುಂದಿನವರಿಗೆ ದಾರಿ ಬಿಡುವವರು ವಿರಳ. ಪರೀಕ್ಷೆಯಲ್ಲಿ ತಪ್ಪಿದ ಲೆಕ್ಕವನ್ನು ಹರಿದು ಬಿಸಾಡುವ ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಪುರದಲ್ಲಿ ಕಲಿತದ್ದನ್ನೇ ಅವರು ದೊಡ್ಡ ಪ್ರಶ್ನೆಗಳಿಗೂ ಅನ್ವಯಿಸಿದರು. ಶಕ್ತಿ ಎಷ್ಟು ಎಂದು ಕೇಳುವ ಮೊದಲು, ಶಕ್ತಿ ಯಾರಿಗೆ ಮತ್ತು ಯಾವ ಕೆಲಸಕ್ಕೆ ಎಂದು ಕೇಳಬೇಕೆಂಬುದು ಅವರ ವಾದ. ಜನಕ್ಕೆ ಬೇಕಾದದ್ದು ಕಟ್ಟಿಗೆಯಲ್ಲ, ಬೆಂದ ಅನ್ನ. ಬೇಕಾದದ್ದು ಯೂನಿಟ್ಟುಗಳಲ್ಲ, ಬೆಳಕು. ಬ್ರೆಜಿಲ್, ಸ್ವೀಡನ್, ಅಮೆರಿಕ ದೇಶಗಳ ಮೂವರು ವಿಜ್ಞಾನಿಗಳೊಡನೆ ಸೇರಿ 1988ರಲ್ಲಿ ಬರೆದ ಗ್ರಂಥದಲ್ಲಿ, ಶಕ್ತಿಯನ್ನು ಜಾಣತನದಿಂದ ಬಳಸಿದರೆ ತಲೆಗೆ ಸುಮಾರು 1 ಕಿಲೋವಾಟಿನಷ್ಟರಲ್ಲಿಯೇ ಬಡ ದೇಶಗಳ ಜನರಿಗೂ ಒಳ್ಳೆಯ ಬಾಳು ಸಾಧ್ಯವೆಂದು ತೋರಿಸಿದರು. 1991ರಲ್ಲಿ ಕರ್ನಾಟಕಕ್ಕಾಗಿ ಇದೇ ಬಗೆಯ ಲೆಕ್ಕ ಹಾಕಿ, ಸರ್ಕಾರಿ ಯೋಜನೆ ಕೇಳಿದ ವಿದ್ಯುತ್ತಿನ ಅರ್ಧಕ್ಕೂ ಕಡಿಮೆಯಲ್ಲಿ ಎಲ್ಲ ಮನೆಗಳಿಗೂ ದೀಪ ಕೊಡಬಹುದೆಂದರು. ಆ ನಾಲ್ವರಿಗೂ 2000ದಲ್ಲಿ ವೋಲ್ವೋ ಪರಿಸರ ಪ್ರಶಸ್ತಿ ದೊರೆಯಿತು. ರೆಡ್ಡಿಯವರು 2006ರಲ್ಲಿ ತೀರಿಕೊಂಡರು.

ನಮ್ಮ ಪಾಲಿಗೆ ಉಳಿದದ್ದು

ಇಂದು ನಮ್ಮ ಅನಂತಪುರ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿ ಯಂತ್ರಗಳು ತಿರುಗುತ್ತಿವೆ. ಮಡಕಶಿರಕ್ಕೆ ನೆರೆಯಾದ ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟ್‌ಗಳ ಸೌರ ವಿದ್ಯುತ್ ಕ್ಷೇತ್ರವಿದೆ. ಆದರೆ ಸೂರ್ಯ ಸಂಜೆಗೆ ಮುಳುಗುತ್ತಾನೆ, ಗಾಳಿ ಹೇಳಿದ ಹೊತ್ತಿಗೆ ಬೀಸುವುದಿಲ್ಲ. ಬಿಸಿಲಿನ ವಿದ್ಯುತ್ತನ್ನು ಕೂಡಿಡುವ ಒಂದು ದಾರಿ, ಅದರಿಂದ ನೀರನ್ನು ಒಡೆದು ಜಲಜನಕವಾಗಿ ಇಡುವುದು. ಅದಕ್ಕಾಗಿ 2023ರಲ್ಲಿ ಭಾರತ ಸರ್ಕಾರ ಹಸಿರು ಜಲಜನಕದ ರಾಷ್ಟ್ರೀಯ ಯೋಜನೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನವರೇ ಆದ ಪ್ರೊ. ಸಿ. ಎನ್. ಆರ್. ರಾವ್ ಅವರಿಗೆ ನವೀಕರಿಸಬಹುದಾದ ಶಕ್ತಿ ಹಾಗೂ ಅದರ ಸಂಗ್ರಹಕ್ಕೆ ಸಂಬಂಧಿಸಿದ ಸಂಶೋಧನೆಗಾಗಿ 2020ರ ಎನಿ ಪ್ರಶಸ್ತಿ ಬಂದಿತು. ಈ ಕೆಲಸದ ಜೀವಾಳ ಮತ್ತೆ ಕ್ರಿಯಾವರ್ಧಕವೇ. ಪ್ಲಾಟಿನಂ ದುಬಾರಿ, ವಿರಳ. ಆದ್ದರಿಂದ ಅಗ್ಗದ ಲೋಹಗಳನ್ನು ಹುಡುಕುತ್ತಾರೆ. ಅವುಗಳಲ್ಲಿ ಮುಖ್ಯವಾದದ್ದು ನಿಕ್ಕಲ್. ರೆಡ್ಡಿಯವರು ಅರವತ್ತು ವರ್ಷಗಳ ಹಿಂದೆ ಬೆಳಕು ಬಿಟ್ಟು ನೋಡಿದ ಅದೇ ಲೋಹ!

ಹಾಗಾದರೆ ಅವರು ಪ್ರಯೋಗಶಾಲೆಯಲ್ಲಿಯೇ ಉಳಿದಿದ್ದರೆ ಚೆನ್ನಾಗಿರುತ್ತಿತ್ತೇ ಎಂದು ಯಾರಾದರೂ ಕೇಳಬಹುದು. ನಮ್ಮ ಉತ್ತರ ಇಷ್ಟೇ. ಲೋಹದ ಮೈಯನ್ನು ಅರಿತವರು ಬೇಕು. ಒಲೆಯ ಮುಂದೆ ಕುಳಿತವರ ಕಣ್ಣೀರನ್ನು ಅರಿತವರೂ ಬೇಕು. ಒಲೆಯ ಹೊಗೆ ಇತ್ಯಾದಿ ಮನೆಯೊಳಗಿನ ಕೆಟ್ಟ ಗಾಳಿಯಿಂದ 2020ರ ಒಂದೇ ವರ್ಷದಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಗ್ಯಾಸಿನ ಒಲೆ ಬಂದ ಮೇಲೆಯೂ ನಮ್ಮ ಹಳ್ಳಿಗಳಲ್ಲಿ ಕಟ್ಟಿಗೆ ಹೊರೆ ತಲೆಯಿಂದ ಇಳಿದಿಲ್ಲ ಎಂಬುದಕ್ಕೆ ಆ ಪ್ರಬಂಧದ ಪುಸ್ತಕಗಳೇ ಸಾಕ್ಷಿ.

ಆದ್ದರಿಂದ ಈ ರಜೆಯಲ್ಲಿ ನಮ್ಮ ಹುಡುಗರು ಒಂದು ಲೆಕ್ಕ ಮಾಡಿಕೊಂಡು ಬರಬೇಕು. ಮನೆಯ ಒಲೆಗೆ ವಾರಕ್ಕೆ ಎಷ್ಟು ಕಟ್ಟಿಗೆ ಬೇಕು? ತಂದವರು ಯಾರು? ಎಷ್ಟು ದೂರದಿಂದ, ಎಷ್ಟು ಹೊತ್ತಿನಲ್ಲಿ? ಅವ್ವನನ್ನೋ ಅಕ್ಕನನ್ನೋ ಕೇಳಿ ಬರೆದರೆ ಸಾಲದು, ಒಂದು ದಿನ ಜೊತೆಯಲ್ಲಿ ಹೋಗಿ ಹೊರೆಯನ್ನು ಹೊತ್ತು ತೂಗಬೇಕು. ರೆಡ್ಡಿಯವರ ವಿಜ್ಞಾನ ಪುರದಲ್ಲಿ ಹೀಗೆಯೇ ಆರಂಭವಾಯಿತು.

ಐದು ಸಾಲು ಬರೆದ ಆ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಅವಳ ಪ್ರಬಂಧಕ್ಕೆ ನಾವು ಕಡೆಗೂ ಅಂಕ ಹಾಕಲಿಲ್ಲ. ಅದರ ಕೆಳಗೆ, 'ಉಳಿದದ್ದನ್ನು ಬಿಡುವಾದಾಗ ಬರೆದು ತೋರಿಸು' ಎಂದಷ್ಟೇ ಬರೆದೆವು. ಅವಳಿಗೆ ಆ ಬಿಡುವನ್ನು ಒದಗಿಸುವುದು ನಮ್ಮ ನಿಮ್ಮೆಲ್ಲರ ಕೆಲಸ.